ವರ್ಷಕ್ಕೆ ಒಂದು ಸಲವಾದರೂ

ಭಾನುವಾರ ಪೂಜೆ ಮುಗಿದ ಮೇಲೆ ದೊಡ್ಡವರೆಲ್ಲ ಅಂಗಳದಲ್ಲಿ ನಿಂತು ಮಳೆ, ಬೆಳೆ, ಹೆಣ್ಣು-ಗಂಡಿನ ಮಾತಾಡುತ್ತಿದ್ದರೆ, ನಮ್ಮನ್ನು ಮಾತ್ರ ಚರ್ಚಿನ ಜಗಲಿ ಮೇಲೆ ಕೂರಿಸಿಕೊಂಡು ಉಪದೇಶಿ ಮೇಷ್ಟ್ರು ಧರ್ಮಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ, ಕಟ್ಟಳೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕನಕಪುರದ ಆಚೆಗಿನ ಹಳ್ಳಿ ನಮ್ಮದು, 1980ರ ದಶಕದ ಕೊನೆ. ಬೆಳಗ್ಗೆಯಿಂದ ಏನೂ ತಿಂದಿರುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿರುವಾಗ ಕಟ್ಟಳೆಗಳು ಒಂದೇ ಉಸಿರಿಗೆ ಬಾಯಿಂದ ಉದುರುತ್ತಿದ್ದವು. ಭಾನುವಾರಗಳಲ್ಲೂ ಕಟ್ಟಳೆ ಹಬ್ಬಗಳಲ್ಲೂ ಪೂಜೆ ಕಾಣಬೇಕು. ವರ್ಷಕ್ಕೆ ಒಂದು ಸಲವಾದರೂ ಪಾಪನಿವೇದನೆ ಮಾಡಬೇಕು. ಪಾಸ್ಕ (ಈಸ್ಟರ್) ಕಾಲದಲ್ಲಾದರೂ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕು. ಗೊತ್ತಾದ ದಿನಗಳಲ್ಲಿ ಉಪವಾಸ ಇರಬೇಕು, ಮಾಂಸ ಬಿಡಬೇಕು. ಧರ್ಮಸಭೆಯ ಅಗತ್ಯಗಳಿಗೆ ಕೈಲಾದಷ್ಟು ಕೊಡಬೇಕು. ಮುಗೀತು. ಐದಕ್ಕೆ ಐದು ಒಪ್ಪಿಸಿದವರು ಮನೆಗೆ ಓಡಬಹುದಿತ್ತು.

ಓಡುವ ಆತುರದಲ್ಲಿ ನಾನು ಯಾವಾಗಲೂ ಒಂದು ಪದ ನುಂಗುತ್ತಿದ್ದೆ. "ವರ್ಷಕ್ಕೆ ಒಂದು ಸಲ ಪಾಪನಿವೇದನೆ ಮಾಡಬೇಕು" ಅಂದುಬಿಡುತ್ತಿದ್ದೆ. ಮೇಷ್ಟ್ರು ಬೆತ್ತದಿಂದ ಜಗಲಿ ಕಲ್ಲು ಕುಟ್ಟಿ, "ಸಲವಾದರೂ... ಆದರೂ ಎಲ್ಲಿ ಹೋಯ್ತು?" ಅಂತ ಮತ್ತೆ ಹೇಳಿಸುತ್ತಿದ್ದರು. ಅವರು ವ್ಯಾಕರಣ ತಿದ್ದುತ್ತಿದ್ದಾರೆ ಅಂದುಕೊಂಡಿದ್ದೆ.

ಆ ನುಂಗಿದ ಪದವಿಲ್ಲದೆಯೇ ಮುಂದೆ ಇಪ್ಪತ್ತು ವರ್ಷ ಬದುಕಿದೆ. ಬೆಂಗಳೂರಿಗೆ ಬಂದೆ, ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವ ಕೆಲಸ ಸಿಕ್ಕಿತು, ಮದುವೆಯಾಯಿತು. ನಂಬಿಕೆ ಬಿಟ್ಟೆ ಅಂತ ಯಾರೂ ಹೇಳುವಂತಿರಲಿಲ್ಲ. ವಾರಕ್ಕೊಂದು ಪೂಜೆ ತಪ್ಪಿಸಲಿಲ್ಲ. ಆದರೆ ಶನಿವಾರ ಸಂಜೆಯ ಪೂಜೆ ಭಾನುವಾರದ ಲೆಕ್ಕಕ್ಕೆ ಜಮಾ ಆಗುತ್ತದೆ ಅಂತ ಗೊತ್ತಾದ ದಿನದಿಂದ ನನ್ನ ಭಾನುವಾರ ಪೂರ್ತಿ ನನ್ನದಾಯಿತು. ಶುಭಸಂದೇಶ ಓದುವಷ್ಟರಲ್ಲಿ ಒಳಗಿದ್ದರೆ ಪೂಜೆ ಸಲ್ಲುತ್ತದೆ ಅಂತ ಯಾರೋ ಹೇಳಿದ್ದನ್ನು ಪ್ರಶ್ನಿಸದೆ ನಂಬಿದೆ. ಸ್ಕೂಟರನ್ನು ಗೇಟಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದೆ. ಪರಮಪ್ರಸಾದ ಇನ್ನೂ ನಾಲಿಗೆ ಮೇಲಿರುವಾಗಲೇ ಕೀಲಿ ಕೈಗೆ ಬಂದಿರುತ್ತಿತ್ತು. ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುವ ನಮ್ಮದೇ ಒಂದು ಗುಂಪಿತ್ತು. ಒಬ್ಬರಿಗೊಬ್ಬರು ಮುಖ ಕೊಡುತ್ತಿರಲಿಲ್ಲ.

ಇದರಲ್ಲಿ ತಪ್ಪೇನಿದೆ ಅಂತ ಕೇಳಿದರೆ, ಕಾನೂನಿನ ಪ್ರಕಾರ ಹೆಚ್ಚೇನಿಲ್ಲ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶದ ಗ್ರಂಥ ಈ ಐದು ಕಟ್ಟಳೆಗಳನ್ನು ಪಟ್ಟಿ ಮಾಡುವಾಗ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಪ್ರಾರ್ಥನೆಯಲ್ಲಿ, ನಡತೆಯಲ್ಲಿ ಇದಕ್ಕಿಂತ ಕಡಿಮೆಯಾದರೆ ಆಗದು, ಅಂಥ ಕನಿಷ್ಠ ಇವು. ಹಣ್ಣಾಗುವುದಕ್ಕಲ್ಲ, ಬೇರು ಒಣಗದಿರುವುದಕ್ಕೆ. ವರ್ಷಕ್ಕೊಮ್ಮೆಯ ಮಾತಂತೂ ತುಂಬ ಹಳೆಯದು. 1215ರಲ್ಲಿ ರೋಮಿನಲ್ಲಿ ನಡೆದ ನಾಲ್ಕನೆಯ ಲಾತೆರಾನ್ ಮಹಾಸಭೆ ಅದನ್ನು ಕಟ್ಟಳೆ ಮಾಡಿತು. ಜನ ಪರಮಪ್ರಸಾದದ ಹತ್ತಿರ ಬರುವುದನ್ನೇ ಬಿಟ್ಟಿದ್ದ ಕಾಲ ಅದು. ಕೆಲವರು ಭಯಕ್ಕೆ, ಕೆಲವರು ಉದಾಸೀನಕ್ಕೆ. ವರ್ಷಕ್ಕೆ ಒಂದು ಸಲವಾದರೂ ಬನ್ರಪ್ಪಾ ಅಂತ ಕೈಮುಗಿದು ಕರೆದಂತಿದೆ ಆ ಮಾತು. ಊರು ಬಿಟ್ಟು ಹೋದ ಮಗನಿಗೆ ತಾಯಿ ಹೇಳುವುದಿಲ್ಲವೇ, ಹಬ್ಬಕ್ಕಾದರೂ ಬಾ ಮಗ ಅಂತ? ಅದನ್ನು ಕೇಳಿಸಿಕೊಂಡ ಮಗ, "ಸರಿ, ಹಬ್ಬಕ್ಕೆ ಬಂದರೆ ಸಾಕಂತೆ" ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡರೆ ಹೇಗಿರುತ್ತದೋ ಹಾಗಿತ್ತು ನನ್ನ ಭಕ್ತಿ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕಟ್ಟಳೆಗಳೂ ಅವಳಿಗೆ ಅಲ್ಲೊಂದು ಇಲ್ಲೊಂದು ಕಿವಿಗೆ ಬಿದ್ದಿದ್ದವು, ಅದೂ ಹಳೇ ಕಾಲದವು. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಕು ಅಂತ 1964ರಲ್ಲೇ ನಿಯಮ ಸಡಿಲವಾಗಿತ್ತು, ನೀರಿಗಂತೂ ಅದಕ್ಕೂ ಮುಂಚೆಯೇ ಅಡ್ಡಿ ಇರಲಿಲ್ಲ. ಅಜ್ಜಿಗೆ ಆ ಸುದ್ದಿ ತಲುಪಿರಲಿಲ್ಲವೋ, ತಲುಪಿದರೂ ಒಪ್ಪಿರಲಿಲ್ಲವೋ. ಶನಿವಾರ ಮಧ್ಯರಾತ್ರಿಯಿಂದ ಭಾನುವಾರ ಪೂಜೆ ಮುಗಿಯುವ ತನಕ ಒಂದು ಹನಿ ನೀರನ್ನೂ ಗಂಟಲಿಗಿಳಿಸುತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಇಳಿಸಲು ಬಿಡುತ್ತಿರಲಿಲ್ಲ. ಜಗಲಿ ಮೇಲೆ ನಮ್ಮ ಹೊಟ್ಟೆ ಚುರುಗುಟ್ಟುತ್ತಿದ್ದದ್ದು ಆ ಕಾರಣಕ್ಕೆ.

ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲ ಬಂದರೆ ನಲವತ್ತು ದಿನವೂ ಮಧ್ಯಾಹ್ನ ಒಂದೇ ಹೊತ್ತು ಊಟ, ರಾತ್ರಿ ತೆಳ್ಳಗಿನ ರಾಗಿ ಗಂಜಿ. ಮೀನು, ಮಾಂಸದ ಮಾತು ಬಿಡಿ, ಮೊಟ್ಟೆಯೂ ಇಲ್ಲ. ನಮ್ಮೂರಿನ ಅಕ್ಕಪಕ್ಕದವರು ಸೋಮವಾರ, ಶನಿವಾರ ಬಾಡು ಮುಟ್ಟುತ್ತಿರಲಿಲ್ಲ, ನಾವು ಶುಕ್ರವಾರ. ಬಾಡಿನಂಗಡಿಯವನಿಗೆ ವಾರದ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಅಜ್ಜಿಗೆ ಅರವತ್ತಾದ ವರ್ಷ, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ದಿನ, ಹೊಸದಾಗಿ ಬಂದಿದ್ದ ಸ್ವಾಮಿಗಳು ಪೂಜೆಯ ನಂತರ ಅವಳನ್ನು ಕರೆದು ಪ್ರೀತಿಯಿಂದಲೇ ಹೇಳಿದರು: "ಅಜ್ಜಿ, ಐವತ್ತೊಂಬತ್ತು ತುಂಬಿದ ಮೇಲೆ ಉಪವಾಸದ ಕಟ್ಟಳೆ ಇಲ್ಲ. ನೀವು ಹೊಟ್ಟೆ ತುಂಬ ಊಟ ಮಾಡಬಹುದು." ಅವರು ಹೇಳಿದ್ದು ಸರಿಯಾಗಿಯೇ ಇತ್ತು. 1983ರ ಧರ್ಮಸಭೆಯ ಕಾನೂನಿನಲ್ಲಿ ಉಪವಾಸ ಹದಿನೆಂಟರಿಂದ ಐವತ್ತೊಂಬತ್ತರವರೆಗೆ ಮಾತ್ರ ಕಡ್ಡಾಯ. ಅದೂ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ನಾನು ಪಕ್ಕದಲ್ಲೇ ಇದ್ದೆ, ಹಣೆ ಮೇಲಿನ ಬೂದಿ ಮೂಗಿಗೆ ಉದುರಿ ಕೆರೆಯುತ್ತಿತ್ತು. ಅಜ್ಜಿ ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ಯೋಚಿಸಿದಳು.

"ಅಂಗಾದ್ರೆ ಇಷ್ಟು ದಿನ ಮಾಡಿದ್ದು ಕಟ್ಟಳೇದಾಯ್ತು ಸ್ವಾಮಿ. ಇನ್ಮ್ಯಾಕೆ ಮಾಡೋದು ನಂದು."

ಸ್ವಾಮಿಗಳು ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ. ಅವಳಿಗೆ ಅದು ತಮಾಷೆಯ ಮಾತಾಗಿರಲಿಲ್ಲ.

ಕನ್ನಡದ 'ಆದರೂ' ವಿಚಿತ್ರ ಪದ. "ಒಂದು ಸಲವಾದರೂ" ಅಂದರೆ ಕಡೇಪಕ್ಷ ಅಷ್ಟು. "ಬೇಕಿಲ್ಲ, ಆದರೂ" ಅಂದರೆ ಲೆಕ್ಕ ಮುಗಿದ ಮೇಲೂ ಉಳಿಯುವ ಏನೋ. ಅದೇ ಪದ ಒಂದು ಕಡೆ ತಳ ತೋರಿಸುತ್ತದೆ, ಇನ್ನೊಂದು ಕಡೆ ತಳದಿಂದ ಮೇಲಕ್ಕೆ ಕಾಲೆತ್ತುತ್ತದೆ. ಮೇಷ್ಟ್ರು ಬೆತ್ತ ಕುಟ್ಟಿ ನನಗೆ ಮೊದಲನೆಯದನ್ನು ಕಲಿಸಿದರು. ಅಜ್ಜಿ ಎರಡನೆಯದರಲ್ಲಿ ಬದುಕಿದಳು. ಒಬ್ಬನು ನಿನ್ನನ್ನು ಒಂದು ಮೈಲಿ ಬರುವಂತೆ ಬಲವಂತ ಮಾಡಿದರೆ ಎರಡು ಮೈಲಿ ಹೋಗು ಅಂತ ಮತ್ತಾಯನ ಶುಭಸಂದೇಶದಲ್ಲಿ ಬರುತ್ತದೆ. ಮೊದಲ ಮೈಲಿಯಲ್ಲಿ ಹೊರೆ ಹೊರಿಸಿದ ರೋಮನ್ ಸೈನಿಕನ ಅಧಿಕಾರವಿದೆ. ಎರಡನೇ ಮೈಲಿಯಲ್ಲಿ ಯಾರ ಅಧಿಕಾರವೂ ಇಲ್ಲ. ಅಜ್ಜಿಗೆ ಆ ವಾಕ್ಯ ನೆನಪಿತ್ತೋ ಇಲ್ಲವೋ, ಸ್ವಾಮಿಗಳಿಗೆ ಅವಳು ಕೊಟ್ಟ ಉತ್ತರ ಮಾತ್ರ ಅದೇ ಹಾದಿಯದು.

ಇಷ್ಟು ಹೇಳಿದರೆ ಅಜ್ಜಿಯನ್ನು ಪೀಠದ ಮೇಲೆ ಕೂರಿಸಿದ ಹಾಗಾಗುತ್ತದೆ. ಅವಳು ಹಾಗಿರಲಿಲ್ಲ. ನಾಲಿಗೆ ಕೊಡಲಿ. ಜಪಸರ ಹಿಡಿದು "ನಮೋ ಮರಿಯಾ" ಹೇಳುತ್ತಿರುವಾಗಲೇ, ಮಧ್ಯದಲ್ಲಿ ನಿಲ್ಲಿಸಿ, ಹಾಲು ಉಕ್ಕಿಸಿದ ಸೊಸೆಗೆ ನಾಲ್ಕು ಬೈದು, ಎಲ್ಲಿ ಬಿಟ್ಟಿದ್ದಳೋ ಅದೇ ಮಣಿಯಿಂದ ಮುಂದುವರಿಸಬಲ್ಲವಳು. ಓರಗಿತ್ತಿಯ ಜೊತೆ ಬದುವಿನ ವಿಷಯಕ್ಕೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ ವರ್ಷದ ತಪಸ್ಸು ಕಾಲದಲ್ಲಿ ನಮ್ಮಜ್ಜಿ ದಿನಾ ಸಂಜೆ ತನ್ನ ಗಂಜಿಯ ಚೊಂಬು ಹಿಡಿದುಕೊಂಡು ಆ ಮನೆಗೆ ಹೋಗತೊಡಗಿದಳು. ತಾನು ಕುಡಿಯಬೇಕಾದ ಗಂಜಿಯಲ್ಲಿ ಅರ್ಧ ಅವಳಿಗೆ. ಮಾತಿಲ್ಲ. ಕುಡಿಸುವುದು, ಬಾಯಿ ಒರೆಸುವುದು, ಎದ್ದು ಬರುವುದು. ಯಾವ ಕಟ್ಟಳೆಯಲ್ಲೂ ಇದು ಬರೆದಿಲ್ಲ. ಸ್ವಾಮಿಗಳು ಹೇಳಿರಲಿಲ್ಲ, ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ವರ್ಷ ಶುಭ ಶುಕ್ರವಾರ ಊರಿನವರು ಶಿಲುಬೆಯ ಹಾದಿ ಮಾಡಲು ಹಾರೋಬೆಲೆ ಕಡೆಯ ಕಪಾಲಬೆಟ್ಟಕ್ಕೆ ಹೊರಟಾಗ, ಪ್ರತಿ ವರ್ಷ ಬರಿಗಾಲಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದ ನಮ್ಮಜ್ಜಿ ಹೋಗಲಿಲ್ಲ. "ಗಂಜಿ ಕುಡಿಸೋರು ಯಾರು?" ಅಂದಳು.

ಪಾಸ್ಕ ಹಬ್ಬ ಕಳೆದು ಎರಡು ವಾರಕ್ಕೆ ಓರಗಿತ್ತಿ ಎದ್ದು ಕೂತಳು. ಮೂರನೇ ವಾರಕ್ಕೆ ಇಬ್ಬರೂ ಅದೇ ಬದುವಿಗೆ ಜಗಳವಾಡಿದರು. ಆದರೆ ಈ ಸಲ ಬಾಯಿಬಿಟ್ಟು, ಗೋಡೆಯಾಚೆಗೂ ಈಚೆಗೂ, ಊರಿಗೆ ಕೇಳಿಸುವ ಹಾಗೆ. ಹನ್ನೆರಡು ವರ್ಷದ ಮೌನಕ್ಕಿಂತ ಅದು ವಾಸಿ ಅಂತ ನನ್ನಮ್ಮ ಹೇಳುತ್ತಿದ್ದಳು.

ನಾನೂ ಒಮ್ಮೆ ಕನಿಷ್ಠದಿಂದ ಮೇಲೇಳಲು ನೋಡಿದೆ. ಅದು ಹೇಗೆ ನೆಲಕಚ್ಚಿತು ಅನ್ನುವುದನ್ನು ಹೇಳದಿದ್ದರೆ ಈ ಬರಹಕ್ಕೆ ಮೋಸ. ಮೂವತ್ತರ ಆಸುಪಾಸು, ಮಗುವಾಗಿರಲಿಲ್ಲ. ಯಾರೋ ಹೇಳಿದರು, ಸತತ ಒಂಬತ್ತು ತಿಂಗಳು ಮೊದಲ ಶುಕ್ರವಾರ ಪೂಜೆ ಕಂಡು ಪರಮಪ್ರಸಾದ ಸ್ವೀಕರಿಸು ಅಂತ. ಯೇಸುವಿನ ಪವಿತ್ರ ಹೃದಯದ ಈ ಭಕ್ತಿ 17ನೇ ಶತಮಾನದ ಫ್ರೆಂಚ್ ಸನ್ಯಾಸಿನಿ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಕಂಡ ದರ್ಶನಗಳಿಂದ ಹರಡಿದ್ದು. ಅದರ ವಾಗ್ದಾನ ಇರುವುದು ಒಳ್ಳೆಯ ಮರಣದ ಬಗ್ಗೆ, ಮಗುವಿನ ಬಗ್ಗೆ ಅಲ್ಲ. ನನಗೆ ಅದೆಲ್ಲ ಬೇಕಿರಲಿಲ್ಲ. ಒಂಬತ್ತು ಅನ್ನುವ ಸಂಖ್ಯೆ ಸಾಕಾಗಿತ್ತು. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ಬೆಳಗಿನ ಆರು ಗಂಟೆಯ ಪೂಜೆ, ಚಳಿ, ಮಳೆ, ಯಾವುದಕ್ಕೂ ಜಗ್ಗದೆ ಆರು ತಿಂಗಳು ದಾಟಿಸಿದೆ. ಏಳನೆಯದು ಏಪ್ರಿಲ್ ಮೊದಲ ವಾರಕ್ಕೆ ಬಂತು. ಲೆಕ್ಕಪತ್ರ ನೋಡುವವರಿಗೆ ಮಾರ್ಚ್ ಮುಗಿದ ಮೇಲಿನ ವಾರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಒಂದಕ್ಕೆ ಮನೆಗೆ ಬಂದು ಮಲಗಿದವಳು ಎದ್ದಾಗ ಏಳೂಕಾಲು. ಸಂಜೆ ಪೂಜೆಗೆ ಹೋಗೋಣವೆಂದರೆ ಆಫೀಸು ಬಿಡಲಿಲ್ಲ.

ಅವತ್ತು ಅತ್ತದ್ದು ಭಕ್ತಿಯಿಂದಲ್ಲ. ಆರು ಕಂತು ಕಟ್ಟಿದ ಮೇಲೆ ಚೀಟಿ ಮುಳುಗಿದಾಗ ಆಗುವ ಸಿಟ್ಟು ಅದು. ಆರು ಶುಕ್ರವಾರ ನಾನು ಕೊಟ್ಟಿದ್ದೇನೆ, ನೀನೇನು ಕೊಟ್ಟೆ ಅಂತ ದೇವರನ್ನು ಆಡಿಟ್ ಮಾಡುತ್ತಿದ್ದೆ. ಲೂಕನ ಶುಭಸಂದೇಶದಲ್ಲಿ ಒಬ್ಬ ಫರಿಸಾಯ, ಕಟ್ಟಳೆಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ದೇವಾಲಯದಲ್ಲಿ ನಿಂತು, ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಅಂತ ದೇವರಿಗೆ ನೆನಪು ಮಾಡಿಕೊಡುತ್ತಾನಲ್ಲ, ಅವನು ಕಟ್ಟಳೆ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಮಾಡಿದವನು. ಹೆಚ್ಚು ಮಾಡಿದರೂ ಕನಿಷ್ಠದಲ್ಲೇ ಇರಬಹುದು ಅಂತ ನನಗೆ ಹೊಳೆದದ್ದು ಆಗ. ಒಂಬತ್ತು ಮುಗಿದರೆ ಸಾಕು, ಆಮೇಲೆ ಬಿಡಬಹುದು ಅನ್ನುವ ಮನಸ್ಸು, ವರ್ಷಕ್ಕೊಂದು ಸಲ ಸಾಕು ಅನ್ನುವ ಮನಸ್ಸಿನ ಅಕ್ಕ ಅಷ್ಟೆ.

ಅದಕ್ಕೇ ಹರಕೆ ಹೊತ್ತವರನ್ನು ಹೀಗಳೆಯುವುದೂ ಸುಲಭ, ನಾನೂ ಸ್ವಲ್ಪ ಕಾಲ ಆ ಕೆಲಸ ಮಾಡಿದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಹಬ್ಬದವರೆಗೂ ಬೀದಿ ತುಂಬ ಕಾವಿ ಸೀರೆ, ಕಾವಿ ಅಂಗಿ. ಧರ್ಮ ಯಾವುದೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬೆಂಗಳೂರಿನಿಂದ ವೇಲಾಂಕಣಿಗೆ ನಡೆದುಕೊಂಡೇ ಹೋಗುವವರಿದ್ದಾರೆ. ಇವೆಲ್ಲ ವ್ಯಾಪಾರ ಅಂತ ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಆ ಜನಜಂಗುಳಿಯಲ್ಲಿ ನನ್ನ ಮುಂದೆ ಒಬ್ಬ ಹೆಂಗಸು, ಆಸ್ಪತ್ರೆಯ ಪಟ್ಟಿ ಇನ್ನೂ ಕೈಗೆ ಕಟ್ಟಿಕೊಂಡಿದ್ದ ಹುಡುಗನನ್ನು ಸೊಂಟದ ಮೇಲೆ ಹೊತ್ತು ಮೇಣದಬತ್ತಿ ಹಚ್ಚುತ್ತಿದ್ದಳು. ಗಾಳಿಗೆ ಆರಿತು, ಹಚ್ಚಿದಳು. ಮತ್ತೆ ಆರಿತು, ಮತ್ತೆ ಹಚ್ಚಿದಳು. ಅವಳ ಲೆಕ್ಕ ನೋಡಲು ನಾನ್ಯಾರು?

ಮಗು ಆಯಿತೇ ಅಂತ ಕೇಳುವವರಿಗೆ: ಆಯಿತು, ತುಂಬ ವರ್ಷಗಳ ನಂತರ, ಯಾವ ಶುಕ್ರವಾರಕ್ಕೂ ಸಂಬಂಧವಿಲ್ಲದೆ.

ಈಗ ನಾನು ಮಾಡುವ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಬಟ್ಟೆ ಒಗೆಯುತ್ತೇನೆ. ನಮ್ಮ ಧರ್ಮಕೇಂದ್ರದಲ್ಲಿ ಪೂಜೆಯ ಬಟ್ಟೆಗಳನ್ನು ಒಗೆಯುತ್ತಿದ್ದ ಹಿರಿಯರೊಬ್ಬರಿಗೆ ಮಂಡಿ ಆಪರೇಷನ್ ಆಯಿತು. ಎರಡು ವಾರಕ್ಕೆ ನೋಡಿಕೊಳ್ಳುತ್ತೀಯಾ ಮಗಳೇ ಅಂದರು. ಆರು ವರ್ಷವಾಯಿತು.

ಭಾನುವಾರ ಸಂಜೆ ಒಂದು ಬಟ್ಟೆ ಚೀಲ ನನ್ನ ಕೈಗೆ ಬರುತ್ತದೆ. ಒಳಗೆ ಪಾನಪಾತ್ರೆ ಒರೆಸಿದ ಉದ್ದನೆಯ ಬಿಳಿ ವಸ್ತ್ರಗಳು, ಪಾತ್ರೆಯ ಕೆಳಗೆ ಪೀಠದ ಮೇಲೆ ಹಾಸುವ ಚೌಕದ ವಸ್ತ್ರಗಳು. ಒರೆಸಿದ್ದರಲ್ಲಿ ದ್ರಾಕ್ಷಾರಸದ ಕಂದು ಕಲೆ, ಒಂದೊಂದರಲ್ಲಿ ಯಾರದೋ ಲಿಪ್‌ಸ್ಟಿಕ್. ಚೌಕದ್ದನ್ನು ಯಾವತ್ತೂ ಕೊಡವಬಾರದು. ಪ್ರಸಾದದ ಕಣ ಅದರಲ್ಲಿ ಉಳಿದಿರಬಹುದು ಅಂತಲೇ ಅದನ್ನು ಒಳಮುಖವಾಗಿ, ಮೂರು ಅಡ್ಡ ಮೂರು ಉದ್ದ, ಒಂಬತ್ತು ಮನೆ ಬರುವಂತೆ ಮಡಚಿರುತ್ತಾರೆ. ಇದಕ್ಕೆಂದೇ ಇಟ್ಟ ಸ್ಟೀಲ್ ಬೋಗುಣಿಯಲ್ಲಿ ಮೆಲ್ಲಗೆ ಬಿಡಿಸಿ ತಣ್ಣೀರಿನಲ್ಲಿ ನೆನೆಸುತ್ತೇನೆ. ಮೊದಲ ನೀರಿಗೆ ಸೋಪು ಇಲ್ಲ. ಆ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಮಣ್ಣಿಗೆ ಸೇರಿಸಬೇಕು. ಆಮೇಲೆ ಮಾಮೂಲಿ ಒಗೆತ. ಒರೆಸುವ ವಸ್ತ್ರಕ್ಕೆ ಗಂಜಿ ಹಾಕಬಾರದು, ಹಾಕಿದರೆ ಹೀರುವುದಿಲ್ಲ. ಕಲೆ ಹೋಗದಿದ್ದರೆ ನಿಂಬೆಹಣ್ಣು, ಉಪ್ಪು, ಬಿಸಿಲು. ಕೊನೆಗೆ ಇಸ್ತ್ರಿ, ಮತ್ತೆ ಅದೇ ಒಂಬತ್ತು ಮನೆ. ಮೊದಲ ತಿಂಗಳು ನನ್ನ ಮಡಿಕೆಗಳು ಎಷ್ಟು ಸೊಟ್ಟಗಿದ್ದವೆಂದರೆ ಸ್ವಾಮಿಗಳು ಪೀಠದ ಮೇಲೆ ಅದನ್ನು ಬಿಡಿಸಲು ಪಡುತ್ತಿದ್ದ ಪಾಡು ನನಗೆ ಎಂಟನೇ ಸಾಲಿನಿಂದಲೂ ಕಾಣುತ್ತಿತ್ತು.

ಇದರಿಂದ ನಾನು ಪ್ರಾರ್ಥನೆಯಲ್ಲಿ ಮುಳುಗೇಳುತ್ತೇನೆ ಅಂದುಕೊಳ್ಳಬೇಡಿ. ಎಷ್ಟೋ ಭಾನುವಾರ ಬೈದುಕೊಂಡೇ ಒಗೆದಿದ್ದೇನೆ. ಲಿಸ್ಯೂನ ಸಂತ ತೆರೇಸಾ ಹದಿನೈದಕ್ಕೆ ಮಠ ಸೇರಿ 1897ರಲ್ಲಿ ಇಪ್ಪತ್ನಾಲ್ಕಕ್ಕೆ ತೀರಿಕೊಂಡವಳು, ಒಂದು ದೊಡ್ಡ ಸಾಹಸವನ್ನೂ ಮಾಡದೆ 1997ರಲ್ಲಿ ಧರ್ಮಸಭೆಯ ಪಂಡಿತೆ ಅನ್ನಿಸಿಕೊಂಡವಳು. ಬಟ್ಟೆ ಒಗೆಯುವ ಕಲ್ಲಿನ ಎದುರಿಗೆ ನಿಂತ ಸೋದರಿಯೊಬ್ಬಳು ಕರವಸ್ತ್ರ ಬಡಿಯುವಾಗೆಲ್ಲ ಕೊಳೆನೀರು ತನ್ನ ಮುಖಕ್ಕೆ ಸಿಡಿಯುತ್ತಿತ್ತು, ಹಿಂದೆ ಸರಿದು ಮುಖ ಒರೆಸಿಕೊಳ್ಳಬೇಕೆನ್ನಿಸಿದರೂ ಹಾಗೇ ನಿಂತೆ ಅಂತ ಅವಳೇ ಬರೆದುಕೊಂಡಿದ್ದಾಳೆ. ನನ್ನ ಮುಖಕ್ಕೆ ಸಿಡಿದರೆ ನಾನು ಒರೆಸಿಕೊಳ್ಳುತ್ತೇನೆ. ಆದರೂ ಒಗೆಯುವ ಕಲ್ಲಿನ ಹತ್ತಿರವೂ ಸಂತರು ನಿಂತಿದ್ದರು ಅನ್ನುವುದು ಸಣ್ಣ ಸಮಾಧಾನವಲ್ಲ.

ತೊಂದರೆಯೆಂದರೆ ಮಣ್ಣು. ಊರಿನ ಚರ್ಚಿನ ಹಿಂದೆ ದಾಸವಾಳದ ಗಿಡವಿತ್ತು. ಅಲ್ಲಿ ಈ ಬಟ್ಟೆಗಳನ್ನು ಒಗೆಯುತ್ತಿದ್ದವಳು ಅಜ್ಜಿಯೇ, ನಾನು ಚೊಂಬು ಹಿಡಿಯುವವಳು. "ಕಾಲು ಓಡಾಡೋ ಕಡೆ ಸುರೀಬ್ಯಾಡ ಕಣವ್ವ, ಬುಡಕ್ಕೆ ಸುರಿ" ಅನ್ನುತ್ತಿದ್ದಳು. ನಾನಿರುವುದು ಏಳನೇ ಮಹಡಿ. ಬಾಲ್ಕನಿಯಲ್ಲಿರುವುದು ಎರಡು ಪ್ಲಾಸ್ಟಿಕ್ ಕುಂಡ, ಅದರಲ್ಲಿ ಒಂದು ಸತ್ತಿದೆ. ಹಾಗಾಗಿ ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಬೋಗುಣಿ ಹಿಡಿದುಕೊಂಡು, ತುಳುಕದಂತೆ, ಲಿಫ್ಟಿನಲ್ಲಿ ಇಳಿಯುತ್ತೇನೆ. ಲಿಫ್ಟಿನಲ್ಲಿ ಸಿಕ್ಕವರು ಬೋಗುಣಿ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಆಮೇಲೆ ಫೋನ್ ನೋಡುತ್ತಾರೆ. ಗೇಟಿನ ಪಕ್ಕದಲ್ಲಿ ಒಂದು ಸಂಪಿಗೆ ಮರವಿದೆ, ಕಾಂಪೌಂಡಿನಲ್ಲಿ ಕಾಂಕ್ರೀಟು ಹೊದೆಸದೆ ಬಿಟ್ಟಿರುವ ಜಾಗ ಅದೊಂದೇ. ಅದರ ಬುಡದಲ್ಲಿ ವಾಚ್‌ಮನ್ ಅಣ್ಣ ತಮ್ಮ ಚಪ್ಪಲಿ ಬಿಟ್ಟು, ಕುರ್ಚಿ ಮೇಲೆ ಕಾಲು ಮಡಚಿ ಕೂತಿರುತ್ತಾರೆ.

ತುಂಬ ದಿನ ಅವರು ಏನೂ ಕೇಳಲಿಲ್ಲ. ಹೋದ ತಪಸ್ಸು ಕಾಲದಲ್ಲಿ ಒಂದು ರಾತ್ರಿ ತಡೆಯಲಾರದೆ ಕೇಳಿದರು.

"ಏನ್ ಮೇಡಂ, ವಾರಕ್ಕೊಂದ್ಸಲ ಇದೊಂದು ಮರಕ್ಕೆ ಮಾತ್ರ ನೀರು?"

"ಪೂಜೆ ಬಟ್ಟೆ ನೀರು ಅಣ್ಣ. ತೀರ್ಥ ಇದ್ದ ಹಾಗೆ. ಮೋರಿಗೆ ಹಾಕೋ ಹಾಗಿಲ್ಲ."

ಅವರು ಕುರ್ಚಿಯಿಂದ ಇಳಿದು, ಬಗ್ಗಿ, ಮರದ ಬುಡದಲ್ಲಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಹೋಗಿ ಗೇಟಿನಾಚೆ ಇಟ್ಟು ಬಂದರು. "ಈಗ ಹಾಕಿ" ಅಂದರು.